ಸರಪಳಿ ಬಿಚ್ಚಿದ ಕೈ ಯಾರದು?

ಗೆಳೆಯರೇ, ಸ್ವಲ್ಪ ಉದ್ದದ ಬರಹ. ಊಟ ಆದ್ಮೇಲೆ ನಿಧಾನಕ್ಕೆ ಓದಿ.

ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ ಅಂತ ನಮ್ಮ ಆಫೀಸಲ್ಲಿ ಒಂದು ಕಾರ್ಯಕ್ರಮ ಇತ್ತು. ಸುತ್ತೋಲೆ ಟೈಪ್ ಮಾಡಿದ್ದು ನಾನೇ, ಕುರ್ಚಿ ಹಾಕಿಸಿದ್ದೂ ನಾನೇ. ಎಲ್ಲಾ ಮುಗಿಸಿ ಕೊನೇ ಸಾಲಲ್ಲಿ ಕೂತೆ. ಬಂದಿದ್ದ ಉಪನ್ಯಾಸಕರು ಪರದೆ ಮೇಲೆ ಒಂದು ಹಳೇ ಚಿತ್ರ ತೋರಿಸಿದರು. ಪ್ಯಾರಿಸ್ಸಿನ ಒಂದು ಆಸ್ಪತ್ರೆಯ ಅಂಗಳ. ತುಂಬಾ ಹೆಂಗಸರು, ಕೆಲವರು ನೆಲದ ಮೇಲೆ, ಕೆಲವರು ಗೋಡೆಗೆ ಒರಗಿಕೊಂಡು. ಮಧ್ಯದಲ್ಲಿ ಕೋಟು ಹಾಕಿಕೊಂಡ ಒಬ್ಬ ದೊಡ್ಡ ಮನುಷ್ಯರು ಗಂಭೀರವಾಗಿ ನಿಂತಿದ್ದಾರೆ. ಒಬ್ಬ ಹೆಂಗಸು ಅವರ ಕೈಗೆ ಮುತ್ತಿಡ್ತಿದ್ದಾಳೆ. "ಇವರೇ ಡಾಕ್ಟರ್ ಫಿಲಿಪ್ ಪಿನೆಲ್, ಹುಚ್ಚರ ಸರಪಳಿ ಕಳಚಿದ ಮಹಾನುಭಾವ" ಅಂದರು ಉಪನ್ಯಾಸಕರು. ಚಪ್ಪಾಳೆ ಬಿತ್ತು.

ನನ್ನ ಕಣ್ಣು ಹೋಗಿದ್ದು ಬೇರೆ ಕಡೆ. ಕೋಟು ಹಾಕಿದವರು ಸುಮ್ನೆ ನಿಂತಿದ್ದಾರೆ. ಒಬ್ಬ ಹುಡುಗಿಯ ಮೈಮೇಲಿನ ಕಬ್ಬಿಣ ಬಿಚ್ತಾ ಇರೋನು ಬೇರೆ ಒಬ್ಬ ಕೆಲಸದ ಆಳು. ಕಳಚ್ತಿರೋದು ಅವನು, ಚಪ್ಪಾಳೆ ಮಾತ್ರ ಕೋಟಿಗೆ. ಆಫೀಸಲ್ಲಿ ಇಪ್ಪತ್ತು ವರ್ಷ ಫೈಲ್ ಹೊತ್ತೋನಿಗೆ ಇಂಥದ್ದು ಬೇಗ ಕಾಣುತ್ತೆ. ಟಿಪ್ಪಣಿ ಬರೆಯೋನು ಒಬ್ಬ, ಸಹಿ ಇನ್ನೊಬ್ಬರದು.

ಮನೆಗೆ ಬಂದು ಹುಡುಕಿದೆ. ಹುಡುಕ್ತಾ ಹೋದಂತೆ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು. ಯಾಕೆ ಅಂತ ಹೇಳ್ತೀನಿ.

ಆ ಚಿತ್ರ ಬರೆದೋರು ಟೋನಿ ರಾಬರ್ಟ್ ಫ್ಲೂರಿ, 1876ರಲ್ಲಿ. ಪಿನೆಲ್ ತೀರಿಕೊಂಡಿದ್ದು 1826ರಲ್ಲಿ. ಅಂದ್ರೆ ಸತ್ತು ಐವತ್ತು ವರ್ಷ ಆದ್ಮೇಲೆ ಬರೆದ ಚಿತ್ರ, ಕಣ್ಣಾರೆ ಕಂಡು ಬರೆದಿದ್ದಲ್ಲ. ಪ್ಯಾರಿಸ್ಸಿನಲ್ಲಿ ಆಗ ಹುಚ್ಚರನ್ನ ಕೂಡಿಡೋ ಎರಡು ದೊಡ್ಡ ಜಾಗ ಇದ್ದವು. ಗಂಡಸರಿಗೆ ಬಿಸೆತ್ರ್, ಹೆಂಗಸರಿಗೆ ಸಾಲ್ಪೆಟ್ರಿಯೇರ್. ಚಿತ್ರದಲ್ಲಿರೋದು ಸಾಲ್ಪೆಟ್ರಿಯೇರ್. ಆದ್ರೆ ಸರಪಳಿ ಮೊದಲು ಬಿದ್ದಿದ್ದು ಬಿಸೆತ್ರ್‌ನಲ್ಲಿ, 1797ರಲ್ಲಿ. ಆಗ ಪಿನೆಲ್ ಅಲ್ಲಿ ಇರಲೇ ಇಲ್ಲ. ಎರಡು ವರ್ಷ ಹಿಂದೇನೇ, 1795ರಲ್ಲಿ, ಸಾಲ್ಪೆಟ್ರಿಯೇರ್‌ಗೆ ವರ್ಗ ಆಗಿ ಹೋಗಿದ್ದರು. ಬಿಚ್ಚಿದ್ದು ವಾರ್ಡ್ ನೋಡ್ಕೊಳ್ತಿದ್ದ ಜಾನ್ ಬ್ಯಾಪ್ಟಿಸ್ಟ್ ಪುಸ್ಸಾಂ ಅನ್ನೋರು. ಡಾಕ್ಟರಲ್ಲ. ಓದಿದವರೂ ಅಲ್ಲ. ಅವರ ಮೂಲ ಕಸುಬು ಚರ್ಮ ಹದ ಮಾಡೋದು.

ಇನ್ನೊಂದು ಸಲ ಹೇಳ್ತೀನಿ. ಚರ್ಮ ಹದ ಮಾಡೋದು.

ನಮ್ಮ ತಾತ ಅದೇ ಕೆಲಸದೋರು. ತಂಗಡಿ ತೊಗಟೆ, ಸುಣ್ಣ, ಹಿತ್ತಲ ಕಡೆಯ ತೊಟ್ಟಿ, ಎಷ್ಟು ತಿಕ್ಕಿದ್ರೂ ಹೋಗದ ಆ ವಾಸನೆ. ಕಪಿಲೆ ಬಾನಿ ಹೊಲೀತಿದ್ರು, ಎತ್ತಿಗೆ ಮಿಣಿ ಮಾಡಿ ಕೊಡ್ತಿದ್ರು. ಅವರು ಮಾಡಿದ ಬಾನಿಯಲ್ಲಿ ನೀರು ಸೇದಿದ ಗೌಡರು ಅವರಿಗೆ ನೀರು ಕೊಡ್ತಿದ್ದಿದ್ದು ಮೇಲಿಂದ, ಬೊಗಸೆಗೆ. ಪ್ಯಾರಿಸ್ಸಿನ ಟ್ಯಾನರ್‌ಗೂ ನಮಗೂ ಒಂದೇ ಗತಿ ಇತ್ತು ಅಂತ ನಾನು ಹೇಳಲ್ಲ, ಅದು ಸುಳ್ಳಾಗುತ್ತೆ. ಅಲ್ಲಿ ಅದು ನಾರುವ ಕಸುಬು, ಬಡವರ ಕಸುಬು. ಆದ್ರೆ ಹುಟ್ಟಿಗೆ ಅಂಟಿದ ಮೈಲಿಗೆ ಅಲ್ಲ. ಟ್ಯಾನರ್ ಮಗ ಆಸ್ಪತ್ರೆ ವಾರ್ಡಿನ ಮುಖ್ಯಸ್ಥ ಆಗಬಹುದಿತ್ತು, ಅವನು ಮುಟ್ಟಿದ ಗಂಜಿಯನ್ನ ರೋಗಿ ಕುಡೀತಿದ್ದ. ಈ ವ್ಯತ್ಯಾಸ ಸಣ್ಣದಲ್ಲ, ಮುಂದೆ ಅದೇ ಬೇಕಾಗುತ್ತೆ.

ಪುಸ್ಸಾಂ ಹುಟ್ಟಿದ್ದು 1745ರಲ್ಲಿ, ಲೋನ್ ಲ ಸೋನಿಯೇ ಅನ್ನೋ ಊರಲ್ಲಿ. ಬಿಸೆತ್ರ್‌ಗೆ ಅವರು ಬಂದಿದ್ದು ಕೆಲಸಕ್ಕಲ್ಲ, ರೋಗಿಯಾಗಿ. ಕತ್ತಲ್ಲಿ ಗಂಟು ಏಳೋ ಗಂಡಮಾಲೆ ಕಾಯಿಲೆ. ಬಿಸೆತ್ರ್ ಅಂದ್ರೆ ಬರೀ ಆಸ್ಪತ್ರೆ ಅಂದ್ಕೋಬೇಡಿ. ಅನಾಥಾಶ್ರಮ, ಭಿಕ್ಷುಕರ ಮನೆ, ಜೈಲು, ಹುಚ್ಚಾಸ್ಪತ್ರೆ ಎಲ್ಲಾ ಒಂದೇ ಕಾಂಪೌಂಡಿನೊಳಗೆ. ಕಾಯಿಲೆ ವಾಸಿ ಆದ್ಮೇಲೂ ಪುಸ್ಸಾಂ ಅಲ್ಲೇ ಉಳಿದರು. ಸಣ್ಣಪುಟ್ಟ ಕೆಲಸ ಮಾಡಿದರು, ಹುಡುಗರ ವಿಭಾಗ ನೋಡ್ಕೊಂಡರು, 1780ರ ದಶಕದ ನಡುವೆ ಸುಮಾರು 200 ಗಂಡಸರಿದ್ದ ಹುಚ್ಚರ ವಾರ್ಡಿಗೆ ಮೇಲ್ವಿಚಾರಕರಾದರು. ಜೊತೆಗೆ ಅವರ ಹೆಂಡತಿ ಮಾರ್ಗರೀಟ್ ಜುಬ್ಲಿನ್.

(ಒಂದು ಮಾತು. ಡಾಕ್ಟರಿಗೆ 'ರು' ಹಾಕಿ, ಆಸ್ಪತ್ರೆ ಆಳಿಗೆ 'ನು' ಹಾಕೋದು ನಮ್ಮ ಕನ್ನಡದ ಕೈಚಳಕ. ಮೇಲೆ ಚಿತ್ರದ ಬಗ್ಗೆ ಬರೆಯೋವಾಗ ನಾನೂ ಅದನ್ನೇ ಮಾಡಿದ್ದೀನಿ, ವಾಪಸ್ ಹೋಗಿ ನೋಡಿ. ತಿದ್ದಲ್ಲ, ಇರಲಿ. ಇನ್ನು ಮುಂದೆ ಇಬ್ಬರಿಗೂ 'ರು'.)

ಅವರು ಏನು ಮಾಡಿದ್ರು? 1797ರಲ್ಲಿ ತಮ್ಮ ಅನುಭವವನ್ನ ಅವರೇ ಬರೆದಿಟ್ಟಿದ್ದಾರೆ. ಕೆಲಸದವರು ರೋಗಿಗೆ ಹೊಡೆಯೋ ಹಾಗಿಲ್ಲ. ಹೊಡೆದ್ರೆ ಕೆಲಸದಿಂದ ಆಚೆಗೆ. ಹಳೇ ಕಾವಲುಗಾರರು ಒಪ್ಪಲಿಲ್ಲ, ಗಲಾಟೆ ಮಾಡಿದ್ರು. ಅಂಥವರನ್ನ ಕಳಿಸಿ, ವಾಸಿಯಾದ ರೋಗಿಗಳಲ್ಲೇ ಮೆತ್ತಗಿನ ಸ್ವಭಾವದೋರನ್ನ ಆರಿಸಿ ಕೆಲಸಕ್ಕೆ ತಗೊಂಡರು. ಯಾಕೆ ಅಂತ ಯೋಚನೆ ಮಾಡಿ. ಸರಪಳಿ ಹಾಕಿಸ್ಕೊಂಡೋನಿಗೆ ಸರಪಳಿ ತೂಕ ಎಷ್ಟು ಅಂತ ಯಾರೂ ಪಾಠ ಮಾಡಬೇಕಿಲ್ಲ. ತಾವೂ ಅಲ್ಲಿ ಹಾಸಿಗೆ ಮೇಲೆ ಮಲಗಿ ಎದ್ದೋರಲ್ವಾ ಪುಸ್ಸಾಂ.

ಸರಪಳಿ ತೆಗೆದ ಜಾಗಕ್ಕೆ ಅವರು ತಂದಿದ್ದು ಉದ್ದ ತೋಳಿನ, ಹಿಂದಕ್ಕೆ ಕಟ್ಟೋ ಬಟ್ಟೆ ಅಂಗಿ. ಅಂದ್ರೆ ಕಟ್ಟೋದು ನಿಂತಿಲ್ಲ, ಕಬ್ಬಿಣ ಹೋಗಿ ಬಟ್ಟೆ ಬಂತು. ಆ ಅಂಗಿಯ ಹೆಸರಲ್ಲಿ ಮುಂದೆ ಎಷ್ಟು ಹಿಂಸೆ ನಡೀತು ಅನ್ನೋದೂ ಚರಿತ್ರೆನೇ. ಪುಸ್ಸಾಂ ಅವರನ್ನ ದೇವರು ಮಾಡೋಕೆ ನಾನು ಕೂತಿಲ್ಲ.

ಪಿನೆಲ್ ಬಿಸೆತ್ರ್‌ಗೆ ಬಂದಿದ್ದು 1793ರಲ್ಲಿ, ಕ್ರಾಂತಿ ಕಾಲ. ಅವರ ದೊಡ್ಡಗುಣ ಏನಂದ್ರೆ ಕಲಿತರು. ತಾವು ಓದಿದ ವೈದ್ಯಶಾಸ್ತ್ರ ಪಕ್ಕಕ್ಕಿಟ್ಟು, ಈ ಮೇಲ್ವಿಚಾರಕರು ರೋಗಿ ಜೊತೆ ಹೇಗೆ ಮಾತಾಡ್ತಾರೆ, ಯಾವಾಗ ಗದರ್ತಾರೆ, ಯಾವಾಗ ಸುಮ್ನಿರ್ತಾರೆ ಅಂತ ನೋಡಿದರು, ಬರ್ಕೊಂಡರು. 1801ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಪುಸ್ಸಾಂ ಹೆಸರು ಹೇಳಿ ಹೊಗಳಿದ್ದಾರೆ. ಮಾರ್ಗರೀಟ್ ಅವರದ್ದೂ ಒಂದು ಪ್ರಸಂಗ ಬರುತ್ತೆ. ಊಟ ಬಿಟ್ಟು ಸಾಯೋ ಹಂತಕ್ಕೆ ಬಂದ ಒಬ್ಬ ರೋಗಿ. ಆ ತಾಯಿ ಅವನ ಮುಂದೆ ಕುಣಿದು, ತಮಾಷೆ ಮಾತಾಡಿ, ಅವನು ನಕ್ಕ ಆ ಒಂದು ಗಳಿಗೆ ಹಿಡ್ಕೊಂಡು ಊಟ ಮಾಡಿಸಿಬಿಟ್ಟರು. ಮಾನಸಿಕ ಶುಶ್ರೂಷೆ ಅಂತ ಇವತ್ತು ನರ್ಸಿಂಗ್ ಕಾಲೇಜಲ್ಲಿ ವರ್ಷಗಟ್ಟಲೆ ಕಲಿಸ್ತಾರಲ್ಲ, ಅದರ ಬೇರು ಅಲ್ಲಿದೆ. ಊಟದ ವಿಷಯ ಪಿನೆಲ್ ಇನ್ನೊಂದು ಕಡೆನೂ ಬರೀತಾರೆ. ಸರ್ಕಾರ ರೊಟ್ಟಿ ಅಳತೆ ಕಡಿಮೆ ಮಾಡಿದಾಗ ವಾರ್ಡಲ್ಲಿ ಸಾವು ಜಾಸ್ತಿ ಆಯ್ತು ಅಂತ. ಔಷಧಿಗಿಂತ ಮುಂಚೆ ಅನ್ನ. ಕೇರಿಯಲ್ಲಿ ಹುಟ್ಟಿದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾ?

1802ರಲ್ಲಿ ಪುಸ್ಸಾಂ ಕೂಡ ಸಾಲ್ಪೆಟ್ರಿಯೇರ್‌ಗೆ ಹೋದರು. ಪಿನೆಲ್ಲೇ ಹಟ ಹಿಡಿದು ಕರೆಸಿಕೊಂಡಿದ್ದು, ಇವರಿಲ್ಲದೆ ಅಲ್ಲಿ ಕೆಲಸ ಆಗಲ್ಲ ಅಂತ. 1811ರಲ್ಲಿ ಪುಸ್ಸಾಂ ತೀರಿಕೊಂಡರು.

ಹಾಗಾದ್ರೆ ಹೆಸರು ಕಳೆದುಹೋಗಿದ್ದು ಎಲ್ಲಿ? ಪಿನೆಲ್ ಕದೀಲಿಲ್ಲ. ಆಮೇಲಿನೋರು ಮಾಡಿದ್ದು ಅದು. ಪಿನೆಲ್ ಮಗ ಸಿಪಿಯೋನ್, ಅವನೂ ಡಾಕ್ಟರೇ, ಅಪ್ಪನೇ ಬಿಸೆತ್ರ್‌ನಲ್ಲಿ ಧೈರ್ಯವಾಗಿ ನಿಂತು ಸರಪಳಿ ಬಿಚ್ಚಿಸಿದ, ಕ್ರಾಂತಿಯ ದೊಡ್ಡ ನಾಯಕನೊಬ್ಬ ಬಂದು ಎದುರಿಸಿದರೂ ಜಗ್ಗಲಿಲ್ಲ ಅಂತ ಕತೆ ಕಟ್ಟಿದ. ಆ ಕತೆ ಪಠ್ಯಕ್ಕೆ ಹೋಯ್ತು, ಬಣ್ಣದ ಚಿತ್ರ ಆಯ್ತು. ಪುಸ್ಸಾಂ ಬರೆದ ಹಾಳೆಗಳು ದಾಖಲೆ ಕಟ್ಟಿನೊಳಗೇ ಉಳಿದವು. ಅವನ್ನ ಹೊರಗೆ ತಂದು ಅಚ್ಚು ಹಾಕಿಸಿದ್ದು ಡೋರಾ ವೈನರ್ ಅನ್ನೋ ಇತಿಹಾಸಕಾರ್ತಿ, 1979ರಲ್ಲಿ. ಲೆಕ್ಕ ಹಾಕಿ, 182 ವರ್ಷ. ಒಬ್ಬ ಆಸ್ಪತ್ರೆ ಕೆಲಸಗಾರ ತಾನು ಮಾಡಿದ ಕೆಲಸ ತಾನೇ ಬರೆದಿಟ್ಟರೂ ಓದೋಕೆ ಅಷ್ಟು ಕಾಲ ಬೇಕಾಯ್ತು. ಬರೀದೇ ಇದ್ದೋರ ಗತಿ?

ಆರೈಕೆ ಮಾಡೋರ ಹೆಸರೇ ಎಷ್ಟು ಸಲ ಬದಲಾಯ್ತು ನೋಡಿ. ಇಂಗ್ಲೆಂಡಿನಲ್ಲಿ ಮೊದಲು 'ಕೀಪರ್' ಅಂತಿದ್ರು. ಮೃಗಾಲಯದಲ್ಲಿ ಪ್ರಾಣಿ ನೋಡ್ಕೊಳ್ಳೋನಿಗೂ ಅದೇ ಹೆಸರು. ಆಮೇಲೆ 'ಅಟೆಂಡೆಂಟ್'. 1885ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ಅವರಿಗಾಗಿ ಒಂದು ಕೈಪಿಡಿ ತಂದಿತು, 1891ರಿಂದ ಪರೀಕ್ಷೆ, ಪ್ರಮಾಣಪತ್ರ. ಆಮೇಲೆ 'ನರ್ಸ್'. ಹೆಸರು ಬದಲಾದ ಹಾಗೆ ಬಾಳು ಬದಲಾಗಲಿಲ್ಲ. ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ ಕೆಲಸ, ಆಸ್ಪತ್ರೆ ಒಳಗೇ ವಾಸ. 1910ರಲ್ಲಿ ಅವರೇ ಯೂನಿಯನ್ ಕಟ್ಟಿದರು. 1918ರಲ್ಲಿ ಲ್ಯಾಂಕಶೈರ್ ಕಡೆ ಮುಷ್ಕರಾನೂ ಮಾಡಿದರು. ಯೂನಿಯನ್ ಗೆಳೆಯರು ಇದನ್ನ ಗುರುತು ಹಾಕ್ಕೊಳ್ಳಿ.

ಇನ್ನೊಂದು ಹೆಸರು ಹೇಳಲೇಬೇಕು, ಹಿಲ್ಡಗಾರ್ಡ್ ಪೆಪ್ಲಾವ್. ಅಮೆರಿಕದ ನರ್ಸ್. ಅಪ್ಪ ರೈಲ್ವೆ ಎಂಜಿನ್ನಿಗೆ ಕಲ್ಲಿದ್ದಲು ಹಾಕ್ತಿದ್ದೋರು, ಓದು ಬರಹ ಇಲ್ಲ. ನರ್ಸ್ ಅಂದ್ರೆ ಡಾಕ್ಟರ್ ಹೇಳಿದ ಮಾತ್ರೆ ಕೊಡೋಳಲ್ಲ, ರೋಗಿಗೂ ಅವಳಿಗೂ ಬೆಳೆಯೋ ಸಂಬಂಧವೇ ಚಿಕಿತ್ಸೆಯ ಭಾಗ ಅಂತ ಇಡೀ ಪುಸ್ತಕ ಬರೆದರು. 1948ಕ್ಕೆ ಬರೆದು ಮುಗಿಸಿದ್ದು, ಅಚ್ಚಾಗಿದ್ದು 1952ಕ್ಕೆ. ನಡುವೆ ನಾಲ್ಕು ವರ್ಷ ಯಾಕೆ? ಜೊತೆ ಲೇಖಕರಾಗಿ ಒಬ್ಬ ಡಾಕ್ಟರ್ ಹೆಸರಿರಲಿಲ್ಲ. ಅಷ್ಟೇ ಕಾರಣ. ಇವತ್ತು ನಮ್ಮ ನರ್ಸಿಂಗ್ ಹುಡುಗೀರು ಪರೀಕ್ಷೆಗೆ ಬಾಯಿಪಾಠ ಮಾಡೋ ಸಿದ್ಧಾಂತ ಅದೇ.

ಆರೈಕೆ ಮಾಡೋ ಕೈಯೆಲ್ಲಾ ಪವಿತ್ರ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದ್ಕೋಬೇಡಿ. ನಾಜಿಗಳ ಕಾಲದಲ್ಲಿ ಮೆಸೆರಿಟ್ಸ್ ಓಬ್ರಾವಾಲ್ಡೆ ಅನ್ನೋ ಮಾನಸಿಕ ಆಸ್ಪತ್ರೆಯಲ್ಲಿ ಸಾವಿರಾರು ರೋಗಿಗಳನ್ನ ಕೊಂದರು. ಔಷಧಿ ಜಾಸ್ತಿ ಕಲಸಿ ಲೋಟ ತುಟಿಗೆ ಹಿಡಿದೋರು ನರ್ಸ್‌ಗಳು. 1965ರಲ್ಲಿ ಮ್ಯೂನಿಕ್ಕಿನಲ್ಲಿ 14 ಜನ ನರ್ಸ್‌ಗಳ ವಿಚಾರಣೆ ಆಯ್ತು, ಮೇಲಿನೋರು ಹೇಳಿದ್ದು ಮಾಡಿದ್ವಿ ಅಂದ್ರು, ಎಲ್ಲರೂ ಬಿಡುಗಡೆ ಆದರು. ಹೊಡೀಬೇಡ ಅಂತ ಪುಸ್ಸಾಂ ಯಾಕೆ ಅಷ್ಟು ಗಟ್ಟಿಯಾಗಿ ಹೇಳಿದ್ರು ಅನ್ನೋದು ಇದನ್ನ ಓದಿದ್ಮೇಲೆ ನನಗೆ ಚೆನ್ನಾಗಿ ಅರ್ಥ ಆಗಿದ್ದು. ವಾರ್ಡಿನೊಳಗೆ ರೋಗಿಗಿಂತ ಕೆಳಗೆ ಯಾರೂ ಇರಲ್ಲ. ಹೊರಗೆ ತುಳಿಸಿಕೊಂಡೋನಿಗೆ ಒಳಗೆ ತುಳಿಯೋಕೆ ಒಬ್ಬ ಸಿಕ್ಕಿಬಿಡ್ತಾನೆ.

ಈಗ ನಮ್ಮ ದೇಶಕ್ಕೆ ಬರೋಣ.

ಬ್ರಿಟಿಷರು ಇಲ್ಲಿ ಹುಚ್ಚಾಸ್ಪತ್ರೆ ಕಟ್ಟಿದ್ದು, 1858ರಲ್ಲೂ 1912ರಲ್ಲೂ ಕಾನೂನು ಮಾಡಿದ್ದು ಎಲ್ಲಾ ದಾಖಲೆಯಲ್ಲಿದೆ. ಆ ಕಾನೂನುಗಳಿಗೆ ರೋಗಿ ಅಂದ್ರೆ ಮೊದಲು ಅಪಾಯ, ಆಮೇಲೆ ಮನುಷ್ಯ. ರಾಂಚಿಯಲ್ಲಿ 1918ರಲ್ಲಿ ಒಂದು ಆಸ್ಪತ್ರೆ ತೆರೆದರು, ಯುರೋಪಿಯನ್ನರಿಗೆ ಮತ್ತೆ ಆಂಗ್ಲೋ ಇಂಡಿಯನ್ನರಿಗೆ ಮಾತ್ರ. ಭಾರತೀಯರಿಗೆ ಅಂತ ಅಲ್ಲೇ ಇನ್ನೊಂದು, 1925ರಲ್ಲಿ. ಬುದ್ಧಿ ಕೆಟ್ಟ ಮೇಲೂ ಬಣ್ಣ ನೆನಪಿರಬೇಕು ಅನ್ನೋ ವ್ಯವಸ್ಥೆ! ನಗು ಬರುತ್ತೆ, ಆದ್ರೆ ನಗೋಕೆ ನಮಗೆ ಹಕ್ಕಿದೆಯಾ ಅಂತಾನೂ ಅನ್ಸುತ್ತೆ. ಕುಡಿಯೋ ನೀರಿನ ಬಾವಿಯನ್ನೇ ಬೇರೆ ಮಾಡಿದ ಸಮಾಜ ನಮ್ಮದು.

ನಮ್ಮ ಬೆಂಗಳೂರಿನ ಪಾಲು ದೊಡ್ಡದು. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಜೊತೆ ಸೇರಿಸಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯ್ತು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯ್ತು. ಮನೋರೋಗ ಶುಶ್ರೂಷೆಗೇ ಅಂತ ನರ್ಸ್‌ಗಳಿಗೆ ಡಿಪ್ಲೊಮಾ ಇಲ್ಲಿ ಐವತ್ತರ ದಶಕದಲ್ಲೇ ಬಂತು. ಅದೇ ದಶಕದಲ್ಲಿ ಅಮೃತಸರದಲ್ಲಿ ಡಾಕ್ಟರ್ ವಿದ್ಯಾಸಾಗರ್ ಅನ್ನೋರು ರೋಗಿಗಳ ಮನೆಯೋರನ್ನೇ ಕರೆದು ಆಸ್ಪತ್ರೆ ಮೈದಾನದಲ್ಲಿ ಟೆಂಟ್ ಹಾಕಿಸಿ ಉಳಿಸಿಕೊಂಡರು. ಮನೆಯೋರು ಜೊತೆಗಿದ್ರೆ ರೋಗಿ ಬೇಗ ಚೇತರಿಸ್ಕೋತಾನೆ, ಮನೆಯೋರ ಹೆದರಿಕೆನೂ ಹೋಗುತ್ತೆ ಅಂತ ತೋರಿಸಿದರು. ಪುಸ್ಸಾಂ ಕಂಡ್ಕೊಂಡಿದ್ದೂ ಹೆಚ್ಚುಕಡಿಮೆ ಇದನ್ನೇ. ರೋಗಿ ಹತ್ರ ದಿನವಿಡೀ ಇರೋನಿಗೆ ಗೊತ್ತಾಗೋದು ವಾರಕ್ಕೊಮ್ಮೆ ಬರೋನಿಗೆ ಗೊತ್ತಾಗಲ್ಲ.

ಇಷ್ಟೆಲ್ಲಾ ಆದ್ಮೇಲೂ 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿತ್ತು. ದರ್ಗಾ ಸುತ್ತ ನಡೀತಿದ್ದ ಖಾಸಗಿ ಆಶ್ರಯಗಳಲ್ಲಿ ಒಂದು. ಒಳಗಿದ್ದೋರಿಗೆ ಸರಪಳಿ ಹಾಕಿತ್ತು. ಓಡೋಕೆ ಆಗಲಿಲ್ಲ. 28 ಜನ ಸುಟ್ಟು ಹೋದರು. ಬಿಸೆತ್ರ್‌ನಲ್ಲಿ ಸರಪಳಿ ಬಿದ್ದು 204 ವರ್ಷ ಆಗಿತ್ತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ ತಿಂಗಳಲ್ಲಿ ಜಾರಿಗೆ ಬಂದಿದ್ದು, ಅದರ 95ನೇ ಸೆಕ್ಷನ್ ಯಾವುದೇ ರೂಪದಲ್ಲಿ ಸರಪಳಿ ಹಾಕಬಾರದು ಅನ್ನುತ್ತೆ. 20ನೇ ಸೆಕ್ಷನ್ ಓದಿ, ಒಂದೊಂದು ಸಾಲೂ ಯಾರೋ ಅನುಭವಿಸಿದ್ದೇ. ಬಲವಂತವಾಗಿ ತಲೆ ಬೋಳಿಸೋ ಹಾಗಿಲ್ಲ. ಸ್ವಂತ ಬಟ್ಟೆ ಹಾಕ್ಕೊಳ್ಳೋ ಹಕ್ಕಿದೆ. ಬಲವಂತದ ಕೆಲಸ ಮಾಡಿಸೋ ಹಾಗಿಲ್ಲ, ಮಾಡಿದ ಕೆಲಸಕ್ಕೆ ಕೂಲಿ ಕೊಡಬೇಕು. ಒಳ್ಳೇ ಕಾನೂನು, ಎರಡು ಮಾತಿಲ್ಲ. ಆದ್ರೆ ಮಾನಸಿಕ ಆರೋಗ್ಯ ವೃತ್ತಿಪರರು ಯಾರು ಅಂತ ಅದರಲ್ಲಿರೋ ಪಟ್ಟಿ ನೋಡಿದೆ. ಮನೋವೈದ್ಯರು ಇದ್ದಾರೆ, ನರ್ಸ್ ಇದ್ದಾರೆ, ಸೈಕಾಲಜಿಸ್ಟ್, ಸೋಷಿಯಲ್ ವರ್ಕರ್ ಇದ್ದಾರೆ. ರೋಗಿ ಬಟ್ಟೆ ಒದ್ದೆ ಮಾಡ್ಕೊಂಡ್ರೆ ಬದಲಾಯಿಸೋನು, ರಾತ್ರಿ ಕಿರುಚಿದ್ರೆ ಮೊದಲು ಎದ್ದು ಹೋಗೋನು, ವಾಂತಿ ಬಳಿಯೋಳು, ಅವರು ಆ ಪಟ್ಟಿಯಲ್ಲಿಲ್ಲ. ಇವತ್ತಿನ ಲೆಕ್ಕದಲ್ಲಿ ಪುಸ್ಸಾಂ ದಂಪತಿಗೂ ಆ ಪಟ್ಟಿಯಲ್ಲಿ ಜಾಗ ಇರ್ತಿರಲಿಲ್ಲ.

ಅವರು ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಯಾವುದಾದ್ರೂ ಆಸ್ಪತ್ರೆಯ ವಾರ್ಡ್ ಬಾಯ್, ಆಯಾ, ಸ್ವಚ್ಛತಾ ಕೆಲಸದೋರ ಹಾಜರಿ ಪುಸ್ತಕ ತೆಗೆದು, ಒಬ್ಬೊಬ್ಬರ ಕೇರಿ ಕೇಳ್ಕೊಂಡು ಬನ್ನಿ. ಬಾಬಾಸಾಹೇಬರು 1936ರಲ್ಲಿ ಜಾತಿ ಬಗ್ಗೆ ಬರೆದಿದ್ದನ್ನ ಓದಿದೋರಿಗೆ ಹಾಜರಿ ಪುಸ್ತಕಾನೂ ಬೇಕಿಲ್ಲ. ಫ್ರಾನ್ಸಿನಲ್ಲಿ ಟ್ಯಾನರ್ ಒಬ್ಬರು ಆ ಕೆಲಸಕ್ಕೆ ಬಂದಿದ್ದು ಅವರ ಬದುಕಿನ ಆಕಸ್ಮಿಕ. ನಮ್ಮೋರು ಬರೋದು ಆಕಸ್ಮಿಕ ಅಲ್ಲ. ಪುಸ್ಸಾಂಗೆ ವಾರ್ಡಿನ ಅಧಿಕಾರ ಕೊಟ್ಟಿದ್ದರು, ಯಾರನ್ನ ಕೆಲಸಕ್ಕೆ ತಗೋಬೇಕು, ಯಾರನ್ನ ಕಳಿಸ್ಬೇಕು ಅನ್ನೋದು ಅವರ ಕೈಲಿತ್ತು. ನಮ್ಮೋರಿಗೆ ಕೊಟ್ಟಿರೋದು ಪೊರಕೆ, ಗುತ್ತಿಗೆ, ಹನ್ನೊಂದು ತಿಂಗಳ ಆರ್ಡರ್. ತರಬೇತಿ ಕೊಡಲ್ಲ, ಕೊಟ್ರೆ ಹುದ್ದೆ ಕೇಳ್ತಾರೆ. ಆಮೇಲೆ ಯಾವುದೋ ವಿಡಿಯೋದಲ್ಲಿ ಅಟೆಂಡರ್ ರೋಗಿಗೆ ಹೊಡೆದಿದ್ದು ಕಂಡ್ರೆ, ಇವರ ಸಂಸ್ಕಾರಾನೇ ಇಷ್ಟು ಅಂತ ಕಾಮೆಂಟ್.

ನನಗೆ ಇದೆಲ್ಲಾ ಯಾಕೆ ಅಂತ ಕೇಳಬಹುದು. ನಮ್ಮ ದೊಡ್ಡಪ್ಪನಿಗೆ ಕಾಯಿಲೆ ಬಂದಾಗ ನಾನು ಆರನೇ ಕ್ಲಾಸು. ತನಗೆ ತಾನೇ ಮಾತಾಡೋರು, ರಾತ್ರಿ ಎದ್ದು ಹೊಲದ ಕಡೆ ಓಡೋರು. ಒಂದ್ಸಲ ಬಾವಿ ಹತ್ರ ಸಿಕ್ಕಿದ್ರು. ಅವತ್ತಿಂದ ಪಡಸಾಲೆ ಕಂಬಕ್ಕೆ ಕಟ್ಟಿ ಹಾಕಿದ್ರು. ಕಟ್ಟಿದ್ದು ನಮ್ಮ ತಾತ ಮಾಡಿದ್ದ ಮಿಣಿಯಿಂದ. ಗೌಡರ ಎತ್ತಿಗೆ ಅಂತ ಹದ ಮಾಡಿ ಇಟ್ಟಿದ್ದ ತೊಗಲು, ಅವರ ಹಿರೀ ಮಗನ ಕಾಲಿಗೆ. ತಾತ ಆ ಕಡೆ ತಿರುಗಿ ಕೂತ್ಕೊಳ್ಳೋರು. ಮಂತ್ರ, ತಾಯತ, ಗುಡಿ ಎಲ್ಲಾ ಆಯ್ತು. ಮೂರು ತಿಂಗಳಾದ್ಮೇಲೆ ಅಪ್ಪ ಸಾಲ ಮಾಡಿ ಪಟ್ಟಣದ ಆಸ್ಪತ್ರೆಗೆ ಕರ್ಕೊಂಡು ಹೋದರು. ಆ ಹೊತ್ತಿಗೆ ಕಾಲಲ್ಲಿ ಮಿಣಿ ಕೊರೆದು ಗಾಯ ಆಗಿತ್ತು.

ಅಲ್ಲಿ ಒಬ್ಬರು ಅಟೆಂಡರ್ ಇದ್ದರು. ವಯಸ್ಸಾದೋರು, ಖಾಕಿ ಅಂಗಿ. ಮೊದಲನೇ ದಿನ ಅವರು ಮಾಡಿದ್ದು ಇಷ್ಟೇ. ದೊಡ್ಡಪ್ಪನ ಪಕ್ಕ ನೆಲದ ಮೇಲೆ ಕೂತು, ಬಿಸಿನೀರಲ್ಲಿ ಬಟ್ಟೆ ಅದ್ದಿ ಆ ಗಾಯ ಒರೆಸ್ತಾ, ಮಳೆ ಬೆಳೆ ಕೇಳಿದ್ರು. ಎಷ್ಟೋ ದಿನಕ್ಕೆ ದೊಡ್ಡಪ್ಪ ಒಂದು ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟಿದ್ದು ಅವತ್ತು. "ರಾಗಿ ಒಣಗೋಯ್ತು" ಅಂದ್ರು. ಅಪ್ಪ ಬಾಗಿಲಲ್ಲಿ ನಿಂತು ಅತ್ತರಂತೆ. ಇಪ್ಪತ್ತು ದಿನ ಅವರೇ ಊಟ ಮಾಡಿಸಿದ್ದು, ಉಗುರು ಕತ್ತರಿಸಿದ್ದು, ಮಾತ್ರೆ ನುಂಗಿದ್ರಾ ಅಂತ ಬಾಯಿ ತೆಗೆಸಿ ನೋಡಿದ್ದು. ಮಾತ್ರೆ ಬರೆದ ಡಾಕ್ಟರೂ ಒಳ್ಳೆಯವರೇ. ಮಾತ್ರೆಯಿಂದಲೇ ದೊಡ್ಡಪ್ಪ ಆಮೇಲೆ ಹದಿನೆಂಟು ವರ್ಷ ಮನೆಯೋರ ಜೊತೆ ಬದುಕಿದ್ದು, ಕಂಬಕ್ಕೆ ಮತ್ತೆ ಕಟ್ಟೋ ಪ್ರಸಂಗ ಬರಲಿಲ್ಲ. ಅದನ್ನೂ ಹೇಳಬೇಕು. ಯಾರ ಮನೆಯಲ್ಲಾದ್ರೂ ಹೀಗಿದ್ರೆ ತಾಯತ ಬಿಡಿ, ಮೊದಲು ಆಸ್ಪತ್ರೆಗೆ ಹೋಗಿ.

ಡಿಸ್ಚಾರ್ಜ್ ದಿನ ಅಪ್ಪ ಡಾಕ್ಟರ ಕಾಲಿಗೆ ಬಿದ್ದು ಬಂದರು. ಡಾಕ್ಟರ ಹೆಸರು ನಮ್ಮನೆಯಲ್ಲಿ ಈಗಲೂ ಎಲ್ಲರಿಗೂ ಗೊತ್ತು. ಈ ಲೇಖನ ಬರೆಯೋಕೆ ಕೂತಾಗ ಊರಿಗೆ ಫೋನ್ ಮಾಡಿ, ಆ ಖಾಕಿ ಅಂಗಿಯೋರ ಹೆಸರೇನಪ್ಪ ಅಂತ ಕೇಳಿದೆ. ಅಪ್ಪ ತುಂಬಾ ಹೊತ್ತು ಸುಮ್ನಿದ್ರು.

"ಕೇಳಲಿಲ್ಲ ಕಣಪ್ಪ. ನಮ್ಮೋರೇ ಅಂತ ಮಾತಲ್ಲೇ ಗೊತ್ತಾಯ್ತು. ಒಂದು ಕಟ್ಟು ಬೀಡಿ ಕೊಟ್ಟು ಬಂದೆ."

ಜೈ ಭೀಮ್.